ಜನತಾ ಪರಿವಾರದ ಮತದಾರ ಎಲ್ಲಿಗೆ ಹೋದ?

ಓದುಗರ ಪ್ರಶ್ನೆಗಳಿಗೆ ಸಂಪಾದಕರ ಉತ್ತರ

ಪ್ರಶ್ನೆ: 1983ರಲ್ಲಿ ನಾನು ಮೊದಲ ಸಲ ಮತ ಹಾಕಿದ್ದು ಜನತಾ ಪಕ್ಷಕ್ಕೆ. ಆಗ ನಮ್ಮ ಮನೆಯ ಎಲ್ಲ ಮತಗಳೂ ಒಂದೇ ಕಡೆ ಬೀಳುತ್ತಿದ್ದವು. ನಂತರ ತಮ್ಮ ಲೋಕಶಕ್ತಿಯ ಕಡೆ ಹೋದ, ಅಲ್ಲಿಂದ ಬಿಜೆಪಿಗೆ ಹೋದ. ನಾನು ಜೆಡಿಎಸ್ ಎಂದುಕೊಂಡೇ ಉಳಿದೆ. ಮಗ ಕಾಂಗ್ರೆಸ್ಸಿಗೆ ಮತ ಹಾಕುತ್ತಾನೆ. ಪಕ್ಷವನ್ನು ನಾಯಕರು ಒಡೆದರೋ, ಅಥವಾ ಮತದಾರರಾದ ನಾವೇ ಜಾತಿ ನೋಡಿಕೊಂಡು ಚದುರಿದೆವೋ?
— ಅಡಿಕೆ ಬೆಳೆಗಾರರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ಜನತಾ ಪರಿವಾರವನ್ನು, ಅಂದರೆ ಜನತಾ ಪಕ್ಷವನ್ನೂ ಅದರಿಂದ ಹುಟ್ಟಿದ ಪಕ್ಷಗಳನ್ನೂ, ಒಡೆದವರು ನಾಯಕರು. ಜಾತಿಯ ಗೆರೆಗಳು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದ್ದವು. ಆದರೆ ಆ ಗೆರೆಗಳನ್ನು ದಾಟಿ ಒಂದು ಪಕ್ಷಕ್ಕೆ ಮತ ಹಾಕಲು ಕರ್ನಾಟಕದ ಮತದಾರ ಸಿದ್ಧನಿದ್ದ ಎಂಬುದಕ್ಕೆ ನಿಮ್ಮ 1983ರ ಮತವೇ ಸಾಕ್ಷಿ. ಆ ವರ್ಷ ಜನತಾ ಪಕ್ಷ 224ರಲ್ಲಿ 95 ಸ್ಥಾನ ಗೆದ್ದು, ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿತು. ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರದು ಸಂಖ್ಯೆಯ ದೃಷ್ಟಿಯಿಂದ ಸಣ್ಣ ಸಮುದಾಯ. ಅವರ ಸುತ್ತ ಎಸ್.ಆರ್. ಬೊಮ್ಮಾಯಿ, ಎಚ್.ಡಿ. ದೇವೇಗೌಡ, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್, ಲೋಕಸಭೆಯಲ್ಲಿ ಮೊದಲಿಗೆ ಕನ್ನಡದಲ್ಲಿ ಮಾತನಾಡಿದ ನಿಮ್ಮ ತಾಲ್ಲೂಕಿನ ಜೆ.ಎಚ್. ಪಟೇಲ್, ಹೊರಗಿನಿಂದ ಗೆದ್ದು ಬಂದು ಸೇರಿಕೊಂಡ ಸಿದ್ದರಾಮಯ್ಯ ಇದ್ದರು. ಇವರಲ್ಲಿ ಯಾರೊಬ್ಬರ ಸಮುದಾಯವೂ ಒಂಟಿಯಾಗಿ ಸರ್ಕಾರ ರಚಿಸುವಷ್ಟು ದೊಡ್ಡದಲ್ಲ ಎಂಬುದು ಅವರೆಲ್ಲರಿಗೂ ತಿಳಿದಿತ್ತು.

ಮತದಾರನ ವಿವೇಕಕ್ಕೆ ಇನ್ನೂ ಬಲವಾದ ನಿದರ್ಶನ ಬೇಕಿದ್ದರೆ 1984–85ನ್ನು ನೆನಪಿಸಿಕೊಳ್ಳಿ. ಇಂದಿರಾ ಗಾಂಧಿಯವರ ಹತ್ಯೆಯ ನಂತರ ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ಸಿಕ್ಕಿದ್ದು ಕೇವಲ 4. ಹೆಗಡೆಯವರು ಅದನ್ನು ತಮ್ಮ ಸರ್ಕಾರದ ಮೇಲಿನ ತೀರ್ಪೆಂದು ಒಪ್ಪಿ ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. ಮಾರ್ಚಿನಲ್ಲಿ ಅದೇ ಮತದಾರರು 139 ಸ್ಥಾನ ಕೊಟ್ಟರು. ಮೂರೇ ತಿಂಗಳಲ್ಲಿ ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಎರಡು ಬೇರೆ ತೀರ್ಮಾನ ಮಾಡಿದ ಜನರನ್ನು, ಜಾತಿಯ ಹಿಂದೆ ಕಣ್ಣುಮುಚ್ಚಿ ಹೋದವರೆಂದು ನಾನು ಎಂದಿಗೂ ಒಪ್ಪಲಾರೆ.

ಒಡಕು ಬಂದದ್ದು ಮೇಲಿನಿಂದ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟಿನಲ್ಲಿ ಹೆಗಡೆ ಅಧಿಕಾರ ಬಿಟ್ಟರು, ಬೊಮ್ಮಾಯಿ ಬಂದರು. ಅದೇ ವರ್ಷದ ಅಕ್ಟೋಬರ್ 11ರಂದು ಬೆಂಗಳೂರಿನಲ್ಲಿ ಜನತಾದಳ ಹುಟ್ಟಿತು. ದೇವೇಗೌಡರು ಅದನ್ನು ಸೇರದೆ ಹಳೆಯ ಜನತಾ ಪಕ್ಷದಲ್ಲೇ ಉಳಿದರು. 1989ರ ಏಪ್ರಿಲಿನಲ್ಲಿ, ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ ಶಾಸಕರ ಪತ್ರಗಳನ್ನು ಮುಂದಿಟ್ಟುಕೊಂಡು ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಅಷ್ಟರಲ್ಲಿ ಮತದಾರನ ತೀರ್ಪು ಬಂದು ಹೋಗಿತ್ತು: 1989ರ ಚುನಾವಣೆಯಲ್ಲಿ ಜನತಾದಳಕ್ಕೆ 24, ಜನತಾ ಪಕ್ಷಕ್ಕೆ 2, ಕಾಂಗ್ರೆಸ್ಸಿಗೆ 178. ನಾಯಕರು ಮತ್ತೆ ಒಂದಾಗಿ ಬಂದಾಗ, 1994ರಲ್ಲಿ, ಅದೇ ಜನ 115 ಸ್ಥಾನ ಕೊಟ್ಟು ಕ್ಷಮಿಸಿದರು. ಇಷ್ಟು ಬೇಗ ಕ್ಷಮಿಸಿದ ಮತದಾರರನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ.

ಮುಂದಿನ ಒಡಕಿಗೆ ಕ್ಷಮೆ ಇರಲಿಲ್ಲ. 1996ರಲ್ಲಿ ಕರ್ನಾಟಕದಿಂದ ಜನತಾದಳದ 16 ಸಂಸದರು ಗೆದ್ದರು. ಜೂನ್ 1ರಂದು ದೇವೇಗೌಡರು ಪ್ರಧಾನಿಯಾದರು. ಕನ್ನಡಿಗರೊಬ್ಬರು ಆ ಸ್ಥಾನಕ್ಕೇರಿದ ಸಂತೋಷ ಇನ್ನೂ ಹಸಿಯಾಗಿರುವಾಗಲೇ, ಅದೇ ತಿಂಗಳಲ್ಲಿ, ರಾಮಕೃಷ್ಣ ಹೆಗಡೆಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ತೀರ್ಮಾನ ಆದದ್ದು ದೆಹಲಿಯಲ್ಲಿ. ಹೆಗಡೆಯವರ ಹೆಸರು ಹೇಳಿ ಮತ ಕೇಳಿದ್ದ ಧಾರವಾಡ, ಬಿಜಾಪುರ, ಬೆಳಗಾವಿಯ ಕಾರ್ಯಕರ್ತರ ಅಭಿಪ್ರಾಯವನ್ನು ಕೇಳುವ ಯಾವ ವ್ಯವಸ್ಥೆಯೂ ಪಕ್ಷದೊಳಗೆ ಇರಲಿಲ್ಲ. ಹೆಗಡೆ ಲೋಕಶಕ್ತಿ ಕಟ್ಟಿ ಬಿಜೆಪಿಯೊಡನೆ ಹೊಂದಾಣಿಕೆ ಮಾಡಿಕೊಂಡರು. 1998ರ ಲೋಕಸಭಾ ಚುನಾವಣೆಯಲ್ಲಿ ಜನತಾದಳ 16ರಿಂದ 3ಕ್ಕೆ ಇಳಿಯಿತು, ಲೋಕಶಕ್ತಿಗೆ 3 ಬಂತು, ಬಿಜೆಪಿಗೆ 13. ನಿಮ್ಮ ತಮ್ಮನವರು ದಾಟಿದ ಸೇತುವೆ ಇದೇ. ಉತ್ತರ ಮತ್ತು ಮಧ್ಯ ಕರ್ನಾಟಕದ ದೊಡ್ಡ ಸಂಖ್ಯೆಯ ಲಿಂಗಾಯತ ಮತದಾರರು ಹೆಗಡೆಯವರ ಮೇಲಿನ ಅಭಿಮಾನದಿಂದ ಆ ಸೇತುವೆ ಹತ್ತಿದರು. ಹೆಗಡೆಯವರ ಕಾಲ ಮುಗಿಯುವ ಹೊತ್ತಿಗೆ ಅವರು ಆಚೆ ದಡದಲ್ಲಿದ್ದರು.

1999ರಲ್ಲಿ ದಳ ಮತ್ತೆ ಒಡೆದು ಪಟೇಲರು ಸಂಯುಕ್ತ ದಳದ ಕಡೆ, ದೇವೇಗೌಡರು ಜಾತ್ಯತೀತ ದಳದ (ಜೆಡಿಎಸ್) ಕಡೆ ನಿಂತರು. ಐದು ವರ್ಷ ಹಿಂದೆ 115 ಸ್ಥಾನ ಗೆದ್ದಿದ್ದ ಪಕ್ಷದ ಎರಡು ಹೋಳುಗಳಿಗೆ ಸಿಕ್ಕಿದ್ದು 18 ಮತ್ತು 10. 2005ರಲ್ಲಿ ಸಿದ್ದರಾಮಯ್ಯನವರನ್ನು ಜೆಡಿಎಸ್ ಹೊರಹಾಕಿದಾಗ ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತ) ಮತದಾರರ ಒಂದು ದೊಡ್ಡ ಭಾಗ ಅವರ ಹಿಂದೆ ಕಾಂಗ್ರೆಸ್ಸಿನತ್ತ ನಡೆಯಿತು. 2007ರಲ್ಲಿ ಜೆಡಿಎಸ್ ಮತ್ತು ಬಿಜೆಪಿಯ ನಡುವಿನ ಇಪ್ಪತ್ತು ತಿಂಗಳ ಒಪ್ಪಂದದಂತೆ ಬಿಜೆಪಿಗೆ ಅಧಿಕಾರ ಹಸ್ತಾಂತರವಾಗದೆ, ಕೊನೆಗೆ ಮುಖ್ಯಮಂತ್ರಿಯಾದ ಯಡಿಯೂರಪ್ಪನವರು ಏಳೇ ದಿನಕ್ಕೆ ರಾಜೀನಾಮೆ ಕೊಡಬೇಕಾಗಿ ಬಂದಾಗ ಉತ್ತರದಲ್ಲಿ ಉಳಿದಿದ್ದ ಅಷ್ಟಿಷ್ಟು ವಿಶ್ವಾಸವೂ ಹೋಯಿತು. 2008ರಲ್ಲಿ ಬಿಜೆಪಿ 110ಕ್ಕೆ ಏರಿತು. ಅಣ್ಣತಮ್ಮಂದಿರು ಜಮೀನಿಗೆ ಪಾಲುಪಟ್ಟಿ ಬರೆದಂತೆ, ಪ್ರತಿ ಒಡಕಿನಲ್ಲೂ ಒಬ್ಬೊಬ್ಬ ನಾಯಕ ತನ್ನ ಸಮುದಾಯದ ಮತವನ್ನು ತನ್ನ ಪಾಲೆಂದು ಎತ್ತಿಕೊಂಡು ಹೋದ.

ಹಾಗೆಂದು ಮತದಾರರ ಹೊಣೆ ಏನೂ ಇಲ್ಲವೆನ್ನಲಾರೆ. ಉಚ್ಚಾಟನೆಯಾದ ಪ್ರತಿ ಸಲವೂ ‘ನಮ್ಮವರಿಗೆ ಅವಮಾನವಾಯಿತು’ ಎಂದು ನೋಯುವವರು ಬಹಳ ಜನ ಇದ್ದರು, ‘ನಿಯಮವೇ ಇಲ್ಲದೆ ಉಚ್ಚಾಟಿಸಿದ್ದು ಹೇಗೆ’ ಎಂದು ಕೇಳಿದವರು ಕಡಿಮೆ. 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿಯೊಂದಿಗೆ ನಡೆದು ಸಾವಿರಾರು ಹೊಸ ಮುಖಗಳನ್ನು ಮುಂದೆ ತಂದಿದ್ದವು. ಆ ಎರಡನೇ ಸಾಲಿನವರಿಗೆ ಪಕ್ಷದೊಳಗೆ ಮತದ ಹಕ್ಕಿದ್ದಿದ್ದರೆ ಮೇಲಿನವರ ಜಗಳ ಅಷ್ಟು ಸುಲಭವಾಗಿ ನಿಮ್ಮ ಮನೆಯವರೆಗೆ ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ನಮ್ಮ ತಂದೆಯ ಕಾಲದಿಂದ ಊರಿನಲ್ಲಿ ಕಾಂಗ್ರೆಸ್ ವಿರುದ್ಧ ಬೂತ್ ಏಜೆಂಟರಾಗಿ ಕೂತವರು ನಾವು. 2019ರಲ್ಲಿ ‘ಮೈತ್ರಿ ಅಭ್ಯರ್ಥಿ’ ಎಂದರು, 2023ರ ನಂತರ ಬಿಜೆಪಿ ಜೊತೆ ಎಂದರು. ಪಕ್ಷದ ತೀರ್ಮಾನ ಒಪ್ಪದೆ ಬೇರೆಯವರಿಗೆ ಮತ ಹಾಕಿದರೆ ಅದು ದ್ರೋಹವೇ?
— ಓದುಗರೊಬ್ಬರು, ಮದ್ದೂರು

ಉತ್ತರ: ದ್ರೋಹವಲ್ಲ. ನಿಮ್ಮನ್ನು ಕೇಳದೆ ಮಾಡಿದ ಒಪ್ಪಂದಕ್ಕೆ ನೀವು ಬದ್ಧರಾಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಿಮ್ಮ ಜಿಲ್ಲೆಯ ಇತಿಹಾಸವೇ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಜೆಡಿಎಸ್ ಗೆದ್ದಿತ್ತು. ಮರುವರ್ಷ, ಕಾಂಗ್ರೆಸ್ ಬೆಂಬಲವೂ ಇದ್ದ ಮೈತ್ರಿ ಅಭ್ಯರ್ಥಿ ಪಕ್ಷೇತರರಾಗಿ ನಿಂತ ಸುಮಲತಾ ಅವರ ಎದುರು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ತುಮಕೂರಿನಲ್ಲಿ ಸ್ವತಃ ದೇವೇಗೌಡರು ಸೋತರು. ಎರಡು ಪಕ್ಷಗಳ ಮತವನ್ನು ಕೂಡಿಸಿ ಲೆಕ್ಕ ಹಾಕಿದವರು ಮರೆತದ್ದು, ಹಳೆ ಮೈಸೂರಿನ ಹಳ್ಳಿಯಲ್ಲಿ ಕಾಂಗ್ರೆಸ್ಸಿಗ ಮತ್ತು ದಳದವನ ಪೈಪೋಟಿ ಐದು ವರ್ಷಕ್ಕೊಮ್ಮೆ ನಡೆಯುವಂಥದ್ದಲ್ಲ ಎಂಬುದನ್ನು. ಹಾಲಿನ ಡೇರಿ, ಸೊಸೈಟಿ, ಪಂಚಾಯಿತಿ, ಊರಹಬ್ಬದ ಸಮಿತಿ, ಕೆಲವು ಕಡೆ ಠಾಣೆಯ ಕೇಸು — ಎಲ್ಲದರಲ್ಲೂ ಅದು ದಿನನಿತ್ಯ ಇರುತ್ತದೆ. ಬೆಂಗಳೂರಿನ ವೇದಿಕೆಯಲ್ಲಿ ನಾಯಕರು ಕೈಕೈ ಹಿಡಿದು ಮೇಲೆತ್ತಿದ ಮಾತ್ರಕ್ಕೆ ಈ ಕೆಳಗಿನ ವೈರ ಇಳಿಯುವುದಿಲ್ಲ.

ಮೈತ್ರಿಯಿಂದ ಮತಗಳು ಎಂದೂ ಒಗ್ಗೂಡುವುದಿಲ್ಲ ಎನ್ನುವುದೂ ಸರಿಯಲ್ಲ. 2024ರಲ್ಲಿ ಬಿಜೆಪಿಯ ಜೊತೆಗೆ ನಿಂತ ಕುಮಾರಸ್ವಾಮಿಯವರು ಅದೇ ಮಂಡ್ಯದಲ್ಲಿ ಭಾರಿ ಅಂತರದಿಂದ ಗೆದ್ದರು. ಏಕೆಂದರೆ ಅಲ್ಲಿ ದಳದ ಕಾರ್ಯಕರ್ತನಿಗೆ ಬಿಜೆಪಿಯವನು ಊರಿನ ಎದುರಾಳಿಯಾಗಿರಲಿಲ್ಲ. ಆದರೆ ಅದೇ ವರ್ಷ ಹಾಸನ ಕೈತಪ್ಪಿತು, ನವೆಂಬರಿನ ಉಪಚುನಾವಣೆಯಲ್ಲಿ ಚನ್ನಪಟ್ಟಣವೂ ಹೋಯಿತು. ಈ ಹೊಂದಾಣಿಕೆಯಲ್ಲಿ ಅತಿ ಹೆಚ್ಚು ನೊಂದವರು ಪಕ್ಷದ ಹೆಸರಿನಲ್ಲಿರುವ ‘ಜಾತ್ಯತೀತ’ ಎಂಬ ಭರವಸೆಯನ್ನು ನಂಬಿ ದಶಕಗಳ ಕಾಲ ಜೊತೆಗಿದ್ದ ಮುಸ್ಲಿಂ ಮತದಾರರು. ರಾಜ್ಯ ಘಟಕದ ಅಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ಬಹಿರಂಗವಾಗಿ ವಿರೋಧಿಸಿದಾಗ ಸಿಕ್ಕ ಪ್ರತಿಕ್ರಿಯೆ ಚರ್ಚೆಯಲ್ಲ, ಪದಚ್ಯುತಿ. ಅಧ್ಯಕ್ಷರ ಮಾತಿಗೇ ಅಷ್ಟು ಬೆಲೆಯಾದರೆ ಮದ್ದೂರಿನ ಬೂತ್ ಏಜೆಂಟರ ಮಾತಿಗೆ ಎಷ್ಟು ಬೆಲೆಯಿದ್ದೀತು ಎಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಿಮ್ಮ ಮತವನ್ನು ನಿಮ್ಮ ಮನಸ್ಸಾಕ್ಷಿಯಂತೆ ಹಾಕಿ. ಆದರೆ ಹಾಕಿದ ಮೇಲೆ ಏಕೆ ಹಾಗೆ ಮಾಡಿದೆನೆಂಬುದನ್ನು ತಾಲ್ಲೂಕು ಘಟಕಕ್ಕೆ ತಿಳಿಸಿ. ಮೌನವಾಗಿ ದೂರವಾದವನ ಕಾರಣವನ್ನು ನಾಯಕರು ತಮಗೆ ಅನುಕೂಲವಾದಂತೆ ವಿವರಿಸಿಕೊಳ್ಳುತ್ತಾರೆ.

ಪ್ರಶ್ನೆ: ಪಕ್ಷ ಒಡೆದಾಗ ಹೆಸರು ಮತ್ತು ಚಿಹ್ನೆ ಯಾರಿಗೆ ಸೇರುತ್ತದೆ? ಆ ತೀರ್ಮಾನದಲ್ಲಿ ಮತದಾರನಿಗೆ ಏನಾದರೂ ಪಾತ್ರವಿದೆಯೇ?
— ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಈಗಿನ ಕಾನೂನಿನಲ್ಲಿ ಯಾವ ಪಾತ್ರವೂ ಇಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶದ 15ನೇ ಪ್ಯಾರಾ ಪ್ರಕಾರ, ಮಾನ್ಯತೆ ಪಡೆದ ಪಕ್ಷದಲ್ಲಿ ಎರಡು ಬಣಗಳಾದರೆ ಯಾವುದು ಮೂಲ ಪಕ್ಷ ಎಂಬುದನ್ನು ಚುನಾವಣಾ ಆಯೋಗ ತೀರ್ಮಾನಿಸುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯ ಅಧಿವೇಶನದಲ್ಲಿ ಬಿರುಸಾದ ಭಿನ್ನಮತ ಅದೇ ವರ್ಷ ಕಾಂಗ್ರೆಸ್ಸನ್ನು ಒಡೆದಾಗ ಈ ನಿಯಮ ಮೊದಲ ದೊಡ್ಡ ಪರೀಕ್ಷೆಗೆ ಒಳಗಾಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಸಾದಿಕ್ ಅಲಿ ಪ್ರಕರಣದಲ್ಲಿ, ಶಾಸಕಾಂಗದಲ್ಲೂ ಸಂಘಟನೆಯಲ್ಲೂ ಬಹುಮತ ಯಾರಿಗಿದೆ ಎಂದು ನೋಡುವ ಕ್ರಮವನ್ನು ಒಪ್ಪಿತು. ಎಣಿಕೆಗೆ ಬರುವವರು ಸಂಸದರು, ಶಾಸಕರು ಮತ್ತು ಪದಾಧಿಕಾರಿಗಳು. 1999ರಲ್ಲಿ ಜನತಾದಳ ಒಡೆದಾಗ ಆಯೋಗ ಚಕ್ರದ ಚಿಹ್ನೆಯನ್ನೇ ಸ್ಥಗಿತಗೊಳಿಸಿತು. ಸಂಯುಕ್ತ ದಳಕ್ಕೆ ಬಾಣ ಸಿಕ್ಕಿತು, ಇಂದು ಜೆಡಿಎಸ್ ಚಿಹ್ನೆ ತೆನೆ ಹೊತ್ತ ಮಹಿಳೆ. ಓದುಬಾರದ ಎಷ್ಟೋ ಹಿರಿಯರು ಆ ಚುನಾವಣೆಯಲ್ಲಿ ಮತಪತ್ರದ ಮೇಲೆ ಚಕ್ರವನ್ನು ಹುಡುಕಿರಬೇಕು.

ಪಕ್ಷಾಂತರ ನಿಷೇಧ ಕಾಯ್ದೆಯೂ ಶಾಸಕರನ್ನೇ ನೋಡುತ್ತದೆ. 1985ರಲ್ಲಿ ಅದು ಬಂದಾಗ ಮೂರನೇ ಒಂದು ಭಾಗದಷ್ಟು ಶಾಸಕರು ಒಟ್ಟಿಗೆ ಹೊರಟರೆ ಅದನ್ನು ಒಡಕೆಂದು ಒಪ್ಪಿ ವಿನಾಯಿತಿ ಕೊಟ್ಟಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದು, ಮೂರನೇ ಎರಡು ಭಾಗದ ವಿಲೀನಕ್ಕೆ ಮಾತ್ರ ಅವಕಾಶ ಉಳಿಸಿತು. ಹೊಸ ದಾರಿಯಾಗಿ ರಾಜೀನಾಮೆ ಬಂತು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹಗೊಂಡರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮರುಸ್ಪರ್ಧೆಗೆ ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ ನಡೆದ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದಿತು, ಜೆಡಿಎಸ್‌ಗೆ ಒಂದೂ ಬರಲಿಲ್ಲ. ಕೆ.ಆರ್. ಪೇಟೆಯ ಜನ ಪಕ್ಷ ಬಿಟ್ಟ ಶಾಸಕರನ್ನು ಮತ್ತೆ ಆರಿಸಿದರು. ಹುಣಸೂರಿನ ಜನ ಹಾಗೆ ಮಾಡಲಿಲ್ಲ.

ನನ್ನ ದೃಷ್ಟಿಯಲ್ಲಿ ಕೊರತೆ ಇರುವುದು ಪಕ್ಷಗಳ ಒಳಾಡಳಿತಕ್ಕೆ ಕಾನೂನಿನ ಬಲ ಇಲ್ಲದಿರುವಲ್ಲಿ. ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನಂತೆ ಪಕ್ಷಗಳು ನೋಂದಣಿಯಾಗಬೇಕು, ಆದರೆ ಆಂತರಿಕ ಚುನಾವಣೆಯನ್ನು ಹೆಸರಿಗೆ ಮಾತ್ರ ನಡೆಸಿದ ಪಕ್ಷದ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಆಯೋಗಕ್ಕಿಲ್ಲ. ಜರ್ಮನಿಯ ಸಂವಿಧಾನ ಪಕ್ಷಗಳ ಒಳರಚನೆ ಪ್ರಜಾಸತ್ತಾತ್ಮಕವಾಗಿರಲೇಬೇಕೆಂದು ಹೇಳುತ್ತದೆ; ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 2018ರಲ್ಲಿ ಮೈತ್ರಿ ಸರ್ಕಾರ ಸೇರಬೇಕೇ ಎಂಬುದನ್ನು ತನ್ನ ಸದಸ್ಯರ ಮತಕ್ಕೇ ಬಿಟ್ಟಿತು, ಸುಮಾರು ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರು. ಸೋತ ಮೂರನೇ ಒಂದರಷ್ಟು ಮಂದಿಗೂ ತಮ್ಮನ್ನು ಕೇಳಿದರು ಎಂಬ ಸಮಾಧಾನ ಇದ್ದಿರಬೇಕು. ನಮ್ಮ ರಾಜ್ಯದ ಯಾವ ದೊಡ್ಡ ಪಕ್ಷವೂ ಅಷ್ಟು ಧೈರ್ಯ ತೋರಿಸಿಲ್ಲ. ಜನತಾ ಪರಿವಾರವನ್ನು ಇಲ್ಲಿ ಉದಾಹರಣೆಯಾಗಿ ಹಿಡಿದಿದ್ದರೂ ಕಾಂಗ್ರೆಸ್ ಮತ್ತು ಬಿಜೆಪಿಯ ಮತದಾರರ ಸ್ಥಿತಿ ಇದಕ್ಕಿಂತ ಉತ್ತಮವಾಗಿಲ್ಲ.

ಪ್ರಶ್ನೆ: ಮನೆಯವರೆಲ್ಲ ದಳದವರು. ನನಗೆ ಯಾವ ಪಕ್ಷದ ಮೇಲೂ ನಂಬಿಕೆ ಉಳಿದಿಲ್ಲ. ನೋಟಾ ಒತ್ತಲೇ, ಮನೆಯಲ್ಲೇ ಇರಲೇ?
— ಯುವ ಓದುಗರೊಬ್ಬರು, ತುಮಕೂರು

ಉತ್ತರ: ಮನೆಯಲ್ಲಿ ಇರಬೇಡಿ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ ನಿಮ್ಮ ಅಸಮ್ಮತಿಯನ್ನು ದಾಖಲಿಸುತ್ತದೆ, ಆದರೆ ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳಲ್ಲಿ ಫಲಿತಾಂಶವನ್ನು ಬದಲಿಸುವುದಿಲ್ಲ. ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆಲ್ಲುತ್ತಾರೆ. ಅಭ್ಯರ್ಥಿಗಳಲ್ಲಿ ಒಬ್ಬರೂ ಯೋಗ್ಯರಲ್ಲ ಎಂದು ಅವರ ಪ್ರಮಾಣಪತ್ರಗಳನ್ನು ಓದಿದ ಮೇಲೂ ಅನ್ನಿಸಿದರೆ ಮಾತ್ರ ಅದನ್ನು ಒತ್ತಿ. ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ಮನೆಯವರು ಇಷ್ಟು ವರ್ಷ ಬೆಂಬಲಿಸಿದ ಪಕ್ಷದ ಸದಸ್ಯತ್ವ ಅಭಿಯಾನ ಬಂದಾಗ ರಸೀದಿ ಪಡೆದು ಸದಸ್ಯರಾಗಿ, ತಾಲ್ಲೂಕು ಘಟಕದ ಅಧ್ಯಕ್ಷರನ್ನು ಯಾವಾಗ, ಯಾರು, ಹೇಗೆ ಆರಿಸಿದರೆಂದು ಲಿಖಿತವಾಗಿ ಕೇಳಿ. ಅದೇ ಪ್ರಶ್ನೆಯನ್ನು ಉಳಿದ ಪಕ್ಷಗಳಲ್ಲಿರುವ ನಿಮ್ಮ ಸ್ನೇಹಿತರಿಂದಲೂ ಕೇಳಿಸಿ. ಬಂದ ಉತ್ತರಗಳನ್ನು, ಉತ್ತರವೇ ಬರದಿದ್ದರೆ ಆ ಸಂಗತಿಯನ್ನು, ನಮಗೆ ಬರೆದು ಕಳುಹಿಸಿ. ಈ ಅಂಕಣದಲ್ಲಿ ಪ್ರಕಟಿಸುತ್ತೇವೆ.