ವ್ಯಾಟ್ ಹೆಚ್ಚಿಸುವ ಮೊದಲು ಗುಡ್ಡ ಹತ್ತಿ

ಪ್ರಶ್ನೆ: ಕಾಡು-ಗುಡ್ಡಗಳಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಸ್ವಯಂಸೇವಕರ ತಂಡ ನಮ್ಮದು. ಎಲ್ಲರ ಬಳಿಯೂ 5 ವ್ಯಾಟ್‌ನ ವಾಕಿಟಾಕಿ ಇದೆ. ಬಯಲಿನಲ್ಲಿ ಚೆನ್ನಾಗಿ ಕೇಳುತ್ತದೆ. ಆದರೆ ಕಣಿವೆಗೆ ಇಳಿದವರ ಮಾತು ಬೇಸ್‌ಗೆ ತಲುಪುವುದೇ ಇಲ್ಲ. 10 ವ್ಯಾಟ್‌ನ ಸೆಟ್ ಕೊಳ್ಳೋಣ ಎಂದು ಕೆಲವರು, ಡಿಜಿಟಲ್‌ಗೆ ಹೋಗೋಣ ಎಂದು ಕೆಲವರು. ಇರುವ ಹಣ ಒಂದಕ್ಕೇ ಸಾಕು. ಯಾವುದು ಸರಿ?

ಉತ್ತರ: ಎರಡೂ ಬೇಡ. ಈಗಂತೂ ಬೇಡ.

5 ವ್ಯಾಟ್ 10 ಆದರೆ ಸಿಗ್ನಲ್ ಏರುವುದು ಬರೀ 3 ಡೆಸಿಬೆಲ್. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ತೋರಿಸುವ ಎಸ್-ಮೀಟರ್ ಲೆಕ್ಕದಲ್ಲಿ ಅದು ಅರ್ಧ ಮೆಟ್ಟಿಲು. ಒಂದು ಪೂರ್ತಿ ಮೆಟ್ಟಿಲು ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು, ಅಂದರೆ 20 ವ್ಯಾಟ್. ನಡುವೆ ನಿಂತ ಗುಡ್ಡ ನುಂಗುವುದು ಇದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ 10 ವ್ಯಾಟ್ ಸೆಟ್ ಕೊಂಡರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಕಣಿವೆಯ ಸಮಸ್ಯೆ ಅಲ್ಲೇ ಉಳಿಯುತ್ತದೆ.

ಈಗ ಎತ್ತರದ ಲೆಕ್ಕ ನೋಡಿ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ, ರೇಡಿಯೊ ದಿಗಂತ (ಅಂದರೆ ಅಲೆಗಳು ನೇರವಾಗಿ ತಲುಪುವ ಗಡಿ) ಎಷ್ಟು ಕಿಲೋಮೀಟರ್ ದೂರ ಎಂಬುದು ಸುಮಾರಾಗಿ ಸಿಗುತ್ತದೆ. ಕೈಯಲ್ಲಿ ಹಿಡಿದ ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅದರ ದಿಗಂತ 5 ಕಿಲೋಮೀಟರ್. ಇಬ್ಬರೂ ಸಮತಟ್ಟು ಬಯಲಿನಲ್ಲಿದ್ದರೆ ಒಟ್ಟು 10. ಅದೇ ಸೆಟ್ ಹಿಡಿದು ಒಬ್ಬರು ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಅವರ ದಿಗಂತ 41 ಕಿಲೋಮೀಟರ್ ಆಗುತ್ತದೆ. ಇದು ಅಡ್ಡ ಏನೂ ಇಲ್ಲದಿದ್ದಾಗಿನ ಮಾತು, ಮರಗಿಡ ಇದ್ದರೆ ಕಡಿಮೆಯಾಗುತ್ತದೆ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಅಲ್ವಾ? ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಅದಕ್ಕೇ ನನ್ನ ಮೊದಲ ಸಲಹೆ: ಹುಡುಕಾಟಕ್ಕೆ ಹೊರಡುವಾಗಲೇ ಇಬ್ಬರನ್ನು ರಿಲೇ ಕೆಲಸಕ್ಕೆ ತೆಗೆದಿಡಿ. ಕಣಿವೆಯೂ ಬೇಸೂ ಎರಡೂ ಕಾಣುವ ಏಣಿನ ಮೇಲೆ ಅವರನ್ನು ಕೂರಿಸಿ. ತುತ್ತತುದಿಯೇ ಆಗಬೇಕೆಂದಿಲ್ಲ. ಕೆಳಗಿನಿಂದ ಬಂದ ಮಾತನ್ನು ಬರೆದುಕೊಂಡು, ಅದನ್ನೇ ಇದ್ದದ್ದು ಇದ್ದಂತೆ ಬೇಸ್‌ಗೆ ಹೇಳುವುದು ಅವರ ಕೆಲಸ. ಸ್ವಂತ ವ್ಯಾಖ್ಯಾನ ಸೇರಿಸಬಾರದು. 'ಎಡಗಾಲು' ಎಂದು ಬಂದದ್ದು 'ಕಾಲು' ಎಂದು ದಾಟಬಾರದು. ಈ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಎಲ್ಲರಿಗೂ ಹುಡುಕಲು ಹೋಗುವ ಆಸೆ. ಹಾಗಂತ ಹೊಸಬರನ್ನು ಸುಮ್ನೆ ಅಲ್ಲಿ ಕೂರಿಸಬೇಡಿ. ತಂಡದಲ್ಲಿ ತಾಳ್ಮೆಯಿಂದ ಕೇಳಿಸಿಕೊಳ್ಳುವವರು ಯಾರೋ ಅವರೇ ಆಗಬೇಕು. ಗುಡುಗು ಶುರುವಾದರೆ ಮಾತ್ರ ಅವರು ತಕ್ಷಣ ಕೆಳಗಿಳಿಯಬೇಕು.

ಎರಡನೆಯದು ಆಂಟೆನಾ. ಸೆಟ್ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಹಿತ, ಸಿಗ್ನಲ್‌ಗೆ ಅಲ್ಲ. 150 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 2 ಮೀಟರ್. ಅದರ ಕಾಲು ಭಾಗ, ಅಂದರೆ 50 ಸೆಂಟಿಮೀಟರ್ ಉದ್ದದ ಬಳುಕುವ ಆಂಟೆನಾ ಹಾಕಿದರೆ ಅದೇ ಸೆಟ್ ಬೇರೆಯದೇ ಆಗಿ ನಡೆದುಕೊಳ್ಳುತ್ತದೆ. ಪೊದೆಯಲ್ಲಿ ನುಗ್ಗುವವರಿಗೆ ಉದ್ದದ್ದು ಅಡ್ಡಿ ಎನ್ನುವುದೂ ನಿಜ. ಅವರು ಗಿಡ್ಡದ್ದನ್ನೇ ಇಟ್ಟುಕೊಳ್ಳಲಿ, ಉದ್ದದ್ದು ಬ್ಯಾಗಿನಲ್ಲಿರಲಿ. ರಿಲೇ ಮತ್ತು ಬೇಸ್‌ನವರಿಗೆ ಮಾತ್ರ ಉದ್ದದ್ದೇ ಬೇಕು. ಬೇಸ್‌ನಲ್ಲಂತೂ ಕೈಸೆಟ್ ಹಿಡಿದು ಗಾಡಿಯೊಳಗೆ ಕೂರಬೇಡಿ. ಒಂದು ಕಂಬ ನಿಲ್ಲಿಸಿ, ಮೇಲೊಂದು ಆಂಟೆನಾ ಕಟ್ಟಿ, ಕೇಬಲ್ ಕೆಳಗಿಳಿಸಿ. ನಿಮ್ಮ ಹಣದಲ್ಲಿ ಮೊದಲ ಪಾಲು ಇದಕ್ಕೇ ಹೋಗಲಿ.

ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತನಾಡುವವರು ತುಂಬ ಜನ. ಮೈ ಸಿಗ್ನಲ್ಲನ್ನು ಹೀರುತ್ತದೆ. ಎದೆಪಟ್ಟಿಯಲ್ಲಿ, ಆಂಟೆನಾ ಭುಜದ ಬಳಿ ಬರುವಂತೆ ನೆಟ್ಟಗೆ ಇಟ್ಟುಕೊಳ್ಳಿ. ಕೇಳದಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕರೆಯಿರಿ. ಬಂಡೆಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಜಾಗ ಒಂದೆರಡು ಅಡಿಯಷ್ಟೇ ಇರುತ್ತದೆ.

ಇನ್ನು ಡಿಜಿಟಲ್. ಅದರಲ್ಲಿ ಲಾಭ ಇಲ್ಲ ಎನ್ನುವುದಿಲ್ಲ. ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ ನಡೆಸಬಹುದು, ಯಾರು ಎಲ್ಲಿದ್ದಾರೆ ಎಂಬ ಜಿಪಿಎಸ್ ಮಾಹಿತಿಯನ್ನೂ ಕಳಿಸಬಹುದು. ಆದರೆ ಸಿಗ್ನಲ್ ತಲುಪುವ ಅಂಚಿನಲ್ಲಿ ಅದರ ಸ್ವಭಾವ ಬೇರೆ. ಡಿಜಿಟಲ್ ಅಲ್ಲದ ಮಾಮೂಲಿ ಎಫ್‌ಎಂ ವಾಕಿಟಾಕಿಯಲ್ಲಿ ಸಿಗ್ನಲ್ ಕುಗ್ಗಿದಂತೆ ಕರಕರ ಸದ್ದು ಹೆಚ್ಚುತ್ತದೆ, ಅದರ ನಡುವೆಯೂ 'ಸಿಕ್ಕಿದ್ದಾರೆ' ಎಂಬ ಒಂದು ಮಾತನ್ನು ಕಿವಿ ಹೆಕ್ಕಿಕೊಳ್ಳುತ್ತದೆ. ಡಿಜಿಟಲ್‌ನಲ್ಲಿ ಸ್ವಚ್ಛವಾಗಿ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ಒಡೆದು ನಿಂತುಹೋಗುತ್ತದೆ. ಪಕ್ಕದ ತಂಡದ ಬಳಿ ಯಾವ ಕಂಪನಿಯ ಸೆಟ್ ಇದ್ದರೂ ಎಫ್‌ಎಂನಲ್ಲಿ ಮಾತು ನಡೆಯುತ್ತದೆ ಎನ್ನುವುದು ನನಗೆ ಇನ್ನೂ ದೊಡ್ಡ ಕಾರಣ. ನೀವು ಜೊತೆಗೆ ಕೆಲಸ ಮಾಡುವ ಪೊಲೀಸ್ ಅಥವಾ ಅಗ್ನಿಶಾಮಕದವರು ಡಿಜಿಟಲ್ ಚಾನೆಲ್‌ನಲ್ಲಿ ನಿಮಗೆ ಜಾಗ ಕೊಡಲು ಒಪ್ಪಿದ್ದರೆ ಮಾತ್ರ ಆ ಕಡೆ ಯೋಚಿಸಿ.

ಉಳಿದ ಹಣವೆಲ್ಲ ಬ್ಯಾಟರಿಗೆ. ಕಂಪನಿಗಳು ಹೇಳುವ ಗಂಟೆಗಳ ಲೆಕ್ಕ ಸಾಮಾನ್ಯವಾಗಿ 5-5-90ರದ್ದು: ಶೇ 5 ಮಾತು, ಶೇ 5 ಕೇಳುವುದು, ಮಿಕ್ಕಿದ್ದು ಸುಮ್ಮನಿರುವುದು. ಹುಡುಕಾಟದ ದಿನ ಯಾರು ಸುಮ್ಮನಿರುತ್ತಾರೆ? ತಲೆಗೊಂದು ಹೆಚ್ಚುವರಿ ಬ್ಯಾಟರಿ ಇರಲಿ, ರಿಲೇಯವರಿಗೆ ಎರಡು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಅದನ್ನು ಅಂಗಿಯ ಒಳಜೇಬಿನಲ್ಲಿ ಇಡಿ. ಹತ್ತಿರದವರೊಂದಿಗೆ ಮಾತನಾಡಲು 1 ವ್ಯಾಟ್ ಸಾಕು.

ಲೈಸೆನ್ಸ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೆಟ್‌ನಲ್ಲಿ ಒಂದು ಫ್ರೀಕ್ವೆನ್ಸಿ ಹಾಕಲು ಬರುತ್ತದೆ ಎಂದರೆ ಅಲ್ಲಿ ಮಾತನಾಡಬಹುದು ಎಂದರ್ಥವಲ್ಲ. ತಂಡದಲ್ಲಿ ಒಬ್ಬರಿಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ ಎಂದು ಉಳಿದವರೂ ಹ್ಯಾಮ್ ಬ್ಯಾಂಡ್‌ಗೆ ನುಗ್ಗುವಂತಿಲ್ಲ. ಫ್ರೀಕ್ವೆನ್ಸಿಗೆ ಅನುಮತಿ ಸಿಕ್ಕ ಮೇಲೆ ಆಂಟೆನಾ ಕೊಳ್ಳಿ, ಏಕೆಂದರೆ ಅದರ ಉದ್ದ ನಿಂತಿರುವುದೇ ಫ್ರೀಕ್ವೆನ್ಸಿಯ ಮೇಲೆ. ಆಯ್ಕೆ ನಿಮ್ಮ ಕೈಲಿದ್ದರೆ ಕಾಡು-ಗುಡ್ಡಕ್ಕೆ ವಿಎಚ್‌ಎಫ್ ಕೇಳಿ, ಮೇಲೆ ಹೇಳಿದ 150 ಮೆಗಾಹರ್ಟ್ಸ್ ಇರುವುದು ಆ ಬ್ಯಾಂಡ್‌ನಲ್ಲೇ. ಕುಸಿದ ಕಟ್ಟಡಗಳಲ್ಲಿ ಹುಡುಕುವವರಿಗೆ ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಯ ಯುಎಚ್‌ಎಫ್ ವಾಸಿ.

ಪ್ರಶ್ನೆ: ಬೇರೊಂದು ತಂಡದ ಜೊತೆ ಅಭ್ಯಾಸ ಮಾಡಿದೆವು. ಇಬ್ಬರದೂ ಒಂದೇ ಫ್ರೀಕ್ವೆನ್ಸಿ. ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದ್ದು ನಮಗಿಲ್ಲ. ಸೆಟ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು. ನಿಮ್ಮ ಸೆಟ್‌ಗಳಲ್ಲಿ ಸಿಟಿಸಿಎಸ್‌ಎಸ್ ಟೋನ್ ಹಾಕಿರುವಂತಿದೆ. ಮಾತಿನ ಜೊತೆ ಕಿವಿಗೆ ಬೀಳದ ಒಂದು ಸಣ್ಣ ಸ್ವರ ಹೋಗುತ್ತಿರುತ್ತದೆ, ಸಾಮಾನ್ಯವಾಗಿ 67ರಿಂದ 254 ಹರ್ಟ್ಸ್ ಒಳಗಿನದು. ಆ ಸ್ವರ ಬಂದರೆ ಮಾತ್ರ ನಿಮ್ಮ ಸೆಟ್ ಸ್ಪೀಕರ್ ತೆರೆಯುತ್ತದೆ. ಅವರು ಟೋನ್ ಹಾಕಿಲ್ಲ, ಹಾಗಾಗಿ ಅವರಿಗೆ ಎಲ್ಲವೂ ಕೇಳುತ್ತದೆ. ಟೋನ್ ಇಲ್ಲದೆಯೂ ಸ್ಪೀಕರ್ ತೆರೆಯುವ ಮಾನಿಟರ್ ಬಟನ್ ಒತ್ತಿ ನೋಡಿ, ಅವರ ಮಾತು ಬಂದರೆ ರೋಗ ಇದೇ. ಜಂಟಿ ಕೆಲಸಕ್ಕೆಂದು ಒಂದು ಚಾನೆಲ್ಲನ್ನು ಕೇಳುವ ಕಡೆ ಟೋನ್ ಇಲ್ಲದೆ ತುಂಬಿಸಿಟ್ಟುಕೊಳ್ಳಿ.

ಇನ್ನೊಂದು ಮಾತು. ಕೆಲವು ಸೆಟ್‌ಗಳ ಪೆಟ್ಟಿಗೆಯ ಮೇಲೆ ಇದನ್ನು 'ಪ್ರೈವಸಿ ಕೋಡ್' ಎಂದು ಬರೆದಿರುತ್ತಾರೆ. ಅದನ್ನು ನಂಬಬೇಡಿ. ಟೋನ್ ನಿಮ್ಮ ಕಿವಿ ಮುಚ್ಚುತ್ತದೆಯೇ ಹೊರತು ನಿಮ್ಮ ಮಾತನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಹುಡುಕುತ್ತಿದ್ದವರು ಜೀವಂತವಾಗಿ ಸಿಗದಿದ್ದಾಗ ಇದು ತುಂಬ ಮುಖ್ಯವಾಗುತ್ತದೆ. ಬೇಸ್‌ನಲ್ಲಿ ಮನೆಯವರು ಸ್ಪೀಕರ್ ಪಕ್ಕದಲ್ಲೇ ನಿಂತಿರಬಹುದು. ಅಂಥ ಸುದ್ದಿಗೆ ಒಂದು ಗುಟ್ಟಿನ ಪದವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಬೇಸ್‌ನವರು ಇಯರ್‌ಫೋನ್ ಬಳಸಲಿ.

ಪ್ರಶ್ನೆ: ಗುಹೆಯೊಳಗೆ ಯಾವ ಸೆಟ್ ಕೆಲಸ ಮಾಡುತ್ತದೆ?

ಉತ್ತರ: ನಿಮ್ಮ ಕೈಯಲ್ಲಿರುವ ಯಾವುದೂ ಇಲ್ಲ. ಒಂದೆರಡು ತಿರುವು ದಾಟಿದರೆ ವಿಎಚ್‌ಎಫ್, ಯುಎಚ್‌ಎಫ್ ಎರಡೂ ಮುಗಿದವು. ಬಂಡೆಯನ್ನು ತೂರಿಹೋಗುವುದು ತೀರಾ ಕಡಿಮೆ ಫ್ರೀಕ್ವೆನ್ಸಿ. ಬ್ರಿಟನ್ನಿನ ಗುಹಾ ರಕ್ಷಣಾ ತಂಡಗಳ ಹೇಫೋನ್ ಎಂಬ ರೇಡಿಯೊ ನಡೆಯುವುದು 87 ಕಿಲೋಹರ್ಟ್ಸ್‌ನಲ್ಲಿ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಫುಟ್‌ಬಾಲ್ ಆಡುವ ಹುಡುಗರು ಸಿಕ್ಕಿಹಾಕಿಕೊಂಡಾಗ ಅಲ್ಲಿಗೂ ಇವನ್ನು ಕಳಿಸಿದ್ದರು. ಆದರೆ ಇದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ನಿಮ್ಮ ತಂಡಕ್ಕೆ ಗುಹೆಯ ಕೆಲಸ ಅಪರೂಪಕ್ಕೆ ಬರುವುದಾದರೆ, ಉದ್ದನೆಯ ತಂತಿಯ ಸುರುಳಿ ಮತ್ತು ಎರಡು ಫೀಲ್ಡ್ ಟೆಲಿಫೋನ್ (ತಂತಿಯ ಎರಡು ತುದಿಗೆ ಸಿಕ್ಕಿಸಿ ಮಾತನಾಡುವ ಫೋನ್) ಸಾಕು. ತಂತಿಯನ್ನು ನಡೆಯುವ ದಾರಿಯಲ್ಲಿ ಬಿಡದೆ ಗೋಡೆಯ ಬದಿಗೆ ಎಳೆಯಿರಿ, ಇಲ್ಲದಿದ್ದರೆ ಸ್ಟ್ರೆಚರ್ ಹೊತ್ತು ಬರುವವರ ಕಾಲಿಗೆ ಅದೇ ತೊಡರುತ್ತದೆ.