ಕಚ್ಚಿಕೊಂಡ ಇಂಜೆಕ್ಟರ್: ಎಳೆಯೋ ಮೊದಲು ಅಲುಗಾಡಿಸಿ

ಅಣ್ಣಾ, ಮೊದಲು ಆ ರಾಡು ಕೆಳಗಿಡಿ. ಕಾಮನ್ ರೇಲ್ ಡೀಸೆಲ್ ಎಂಜಿನ್ನು (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಭಾರೀ ಒತ್ತಡದ ಡೀಸೆಲ್ ಹೋಗೋ ಮಾದರಿ), ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ಮೂರನೇ ಇಂಜೆಕ್ಟರಿನ ಕ್ಲ್ಯಾಂಪ್ ಬಿಚ್ಚಿದರೂ ಅಲುಗಾಡ್ತಿಲ್ಲ, ಮೀಟಿ ಆಯ್ತು, ಇನ್ನು ಪಕ್ಕದಿಂದ ಸುತ್ತಿಗೆ ಏಟು ಕೊಡಲಾ ಅಂತ ಕೇಳಿದ್ದೀರಿ. ಬೇಡ. ಮೀಟಿದರೂ ಹೊಡೆದರೂ ಬಲ ಓರೆಯಾಗಿ ಬೀಳುತ್ತೆ. ಬಾಡಿ ಬಾಗುತ್ತೆ, ಇಲ್ಲವೇ ರಾಡಿಗೆ ಆಸರೆ ಕೊಟ್ಟ ಜಾಗ ಬಿರುಕು ಬಿಡುತ್ತೆ.

ಬುಡದ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿಯಾಗಿದೆ, ಚಫ್ ಚಫ್ ಅಂತ ಸದ್ದು ಬರ್ತಿತ್ತು ಅಂದಿರಲ್ಲ, ಕಾರಣ ಅದರಲ್ಲೇ ಇದೆ. ಕೆಳಗಿನ ತಾಮ್ರದ ವಾಷರ್ ಸೋತಿದೆ. ಪ್ರತಿ ಸಲ ಸಿಲಿಂಡರ್ ಉರಿದಾಗಲೂ ಬಿಸಿ ಗ್ಯಾಸು ಅದರ ಪಕ್ಕದಿಂದ ನುಗ್ಗಿ, ಇಂಜೆಕ್ಟರಿಗೂ ಹೆಡ್ಡಿನ (ಸಿಲಿಂಡರ್ ಮೇಲಿನ ಮುಚ್ಚಳದ) ತೂತಿಗೂ ನಡುವಿನ ಸಂದಿಯಲ್ಲಿ ಮಸಿಯಾಗಿ ಕೂತು ಬೆಂದು ಕಲ್ಲಾಗಿದೆ. ಹಿಡಿದಿರೋದು ಈ ಮಸಿ. ಅದರ ಹಿಡಿತ ಮುರಿಯದೆ ಎಳೆದರೆ ಎಷ್ಟು ಬಲ ಹಾಕಿದರೂ ದಂಡ.

ಅದಕ್ಕೂ ಮೊದಲು ಒಂದು ನೋಡಿ. ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಮೇಲಿನಿಂದ ಬರಲ್ಲ. ಹೆಡ್ಡಿನ ಪಕ್ಕದಿಂದ ಪೆನ್ಸಿಲಿನಂಥ ಒಂದು ಉಕ್ಕಿನ ಕೊಳವೆ ಒಳಗೆ ತೂರಿ ಇಂಜೆಕ್ಟರಿನ ಹೊಟ್ಟೆಗೆ ಒತ್ತಿಕೊಂಡಿರುತ್ತೆ. ಹೊರಗಿನ ಪೈಪು ಬಿಚ್ಚಿದವರು ಈ ಕೊಳವೆ ಮರೆತು, ಇಂಜೆಕ್ಟರ್ ಜಾಮ್ ಆಗಿದೆ ಅಂದುಕೊಂಡು ದಿನವಿಡೀ ಗುದ್ದಾಡಿದ್ದನ್ನ ಕಂಡಿದ್ದೀನಿ. ನಿಮ್ಮದು ಆ ಮಾದರಿಯಾದರೆ ಕೊಳವೆ ಪೂರ್ತಿ ಹೊರಗೆ ಬರಲಿ, ಆಮೇಲೆ ಮುಂದಿನ ಮಾತು.

ಕ್ಲ್ಯಾಂಪ್ ಸಡಿಲ ಬಿಟ್ಟು ಸ್ಟಾರ್ಟ್ ಮಾಡಿ, ಕಂಪ್ರೆಷನ್ನೇ ಎತ್ತಿಬಿಡುತ್ತೆ ಅಂತ ಯಾರಾದರೂ ಹೇಳ್ತಾರೆ. ಹಳೇ ಪಂಪಿನ ಎಂಜಿನ್‌ಗಳಲ್ಲಿ ಹಾಗೆ ಮಾಡೋರಿದ್ದರು. ಕಾಮನ್ ರೇಲಲ್ಲಿ 1,600 ಬಾರ್, ಅದಕ್ಕೂ ಮೇಲಿನ ಒತ್ತಡ ಇರುತ್ತೆ. ಪೈಪು ಸೀಳಿದರೆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತೆ. ಗಾಯ ಚುಕ್ಕಿಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಕೇಸು ಅದು. ಆ ಆಟ ಬೇಡ.

ಈಗ ಕೆಲಸ. ಸುತ್ತಲಿನ ಕಸ, ಮರಳು ಗಾಳಿ ಹೊಡೆದು ತೆಗೆಯಿರಿ, ಬಿಚ್ಚಿದ ಪೈಪುಗಳ ಬಾಯಿಗೆಲ್ಲ ಕ್ಯಾಪ್ ಹಾಕಿ. ಬುಡದ ಕಪ್ಪನ್ನ ಚೂಪು ಕಡ್ಡಿಯಿಂದ ಕೆರೆದು ಸುತ್ತ ಒಂದು ಸಣ್ಣ ಕಾಲುವೆ ಮಾಡಿ, ಇಲ್ಲದಿದ್ದರೆ ಹಾಕಿದ ಎಣ್ಣೆ ಮೇಲೇ ನಿಲ್ಲುತ್ತೆ. ಅದಕ್ಕೆ ತುಕ್ಕು ಬಿಡಿಸೋ ಎಣ್ಣೆ ತುಂಬಿ, ಇಂಗಿದಂತೆ ಮತ್ತೆ ತುಂಬಿ, ಒಂದು ರಾತ್ರಿ ಬಿಡಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೇದು. ಅಸಿಟೋನಿಗೆ ಅಷ್ಟೇ ಪ್ರಮಾಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬೆರೆಸಿದರೂ ಚೆನ್ನಾಗಿ ಇಳಿಯುತ್ತೆ. ಆದರೆ ಎಂಜಿನ್ ಪೂರ್ತಿ ತಣ್ಣಗಿರಲಿ, ಹತ್ತಿರ ಬೀಡಿ ಸೇದೋರು ಯಾರೂ ಬೇಡ.

ನೆಂದ ಮೇಲೆ ತಿರುಗಿಸೋದು. ಬಾಡಿಯ ಎರಡು ಪಕ್ಕ ಚಪ್ಪಟೆ ಇರುತ್ತಲ್ಲ, ಸ್ಪ್ಯಾನರ್ ಅಲ್ಲಿಗೇ ಕೂರಲಿ, ಮೇಲಿನ ಸೊಲೆನಾಯ್ಡಿಗೆ (ಕರೆಂಟಿನಿಂದ ಇಂಜೆಕ್ಟರ್ ತೆರೆಯೋ ಭಾಗಕ್ಕೆ) ಬೇಡ. ಮೊದಲು ಬಲಕ್ಕೆ, ಅಂದರೆ ಬಿಗಿ ಮಾಡೋ ಕಡೆಗೆ, ಒಂದು ಕೂದಲೆಳೆ. ಆಮೇಲೆ ಅಷ್ಟೇ ಎಡಕ್ಕೆ. ಯಾಕೆ ಬಲಕ್ಕೆ ಮೊದಲು ಅಂದರೆ, ನಾನು ಪಾಠ ಕಲಿತದ್ದೇ ಅಲ್ಲಿ. ಒಮ್ಮೆ ಬೆಳಗ್ಗೆ ಲೋಡು ಹೊರಡಬೇಕು ಅನ್ನೋ ಅವಸರದಲ್ಲಿ ಎಡಕ್ಕೆ ಜೋರಾಗಿ ತಿರುವಿದೆ. ಟಕ್ ಅಂತ ಬಿಟ್ಟಿತು, ಗೆದ್ದೆ ಅಂದುಕೊಂಡೆ. ಎತ್ತಿದರೆ ಕೈಗೆ ಬಂದದ್ದು ಮೇಲಿನ ಅರ್ಧ ಮಾತ್ರ. ಮಸಿ ಹಿಡಿದಿರೋದು ಕೆಳಗೆ ನಾಜಲನ್ನ (ಡೀಸೆಲ್ ಚಿಮ್ಮೋ ತುದಿಯನ್ನ) ಬಾಡಿಗೆ ಬಿಗಿದಿರೋ ನಟ್ಟನ್ನ. ಬಾಡಿಯನ್ನ ಎಡಕ್ಕೆ ತಿರುಗಿಸಿದರೆ ಆ ನಟ್ಟಿನಿಂದಲೇ ಬಿಚ್ಚಿಕೊಳ್ಳುತ್ತೆ. ನಾಜಲ್ಲು ನಟ್ ಸಮೇತ ಹೆಡ್ಡಲ್ಲೇ ಕೂತಿತ್ತು. ಕೊನೆಗೆ ಹೆಡ್ಡೇ ಇಳಿಸಬೇಕಾಯ್ತು.

ನಿಮ್ಮದಕ್ಕೆ ತಿರುಗದಂತೆ ಪಿನ್ ಇದ್ದರೆ ಈ ಹಂತ ಬಿಟ್ಟು ನೇರ ಎಳೆಯೋದಕ್ಕೆ ಹೋಗಿ. ತಿರುಗೋದಾದರೆ ಕರ್ ಕರ್ ಸದ್ದು ಬರೋವರೆಗೂ ಅಲುಗಾಡಿಸಿ, ಎಣ್ಣೆ ಬಿಡಿ, ಮತ್ತೆ ಅಲುಗಾಡಿಸಿ.

ಎಳೆಯೋಕೆ, ರಾಡಿನ ಮೇಲೆ ತೂಕ ಜಾರಿಸಿ ಏಟು ಕೊಡೋ ಸ್ಲೈಡ್ ಹ್ಯಾಮರಿಗಿಂತ, ಹೆಡ್ಡಿನ ಮೇಲೆ ಎರಡು ಕಾಲೂರಿ ನಡುವಿನ ಬೋಲ್ಟ್ ಬಿಗಿದಂತೆ ಮೇಲೆತ್ತೋ ಪುಲ್ಲರ್ ನನಗೆ ಇಷ್ಟ. ಎಳೆತ ನೇರ, ನಿಧಾನ. ಹ್ಯಾಮರೇ ಇರೋದು ಅಂದರೆ ಸಣ್ಣ ಸಣ್ಣ ಏಟು, ನಡುವೆ ಎಣ್ಣೆ. ಸೊಲೆನಾಯ್ಡ್ ಬಿಚ್ಚಿ ಅದು ಕೂರೋ ಥ್ರೆಡ್ಡಿಗೆ ಅಡಾಪ್ಟರ್ ಹಾಕಿ ಎಳೆದರೆ ಆ ಇಂಜೆಕ್ಟರ್ ಮತ್ತೆ ಕೆಲಸಕ್ಕೆ ಬರುತ್ತೆ ಅಂತ ನಂಬಬೇಡಿ. ಇನ್ನೊಂದು, ಹೆಡ್ಡಲ್ಲಿ ಇಂಜೆಕ್ಟರಿನ ಸುತ್ತ ತಾಮ್ರದ ಸ್ಲೀವ್ ಇರೋ ಎಂಜಿನ್ನಾದರೆ ಕೂಲೆಂಟ್ ಮೊದಲೇ ಇಳಿಸಿ. ಸ್ಲೀವ್ ಜೊತೆಗೆ ಕಿತ್ತು ಬಂದರೆ ನೀರು ನೇರ ಸಿಲಿಂಡರಿಗೆ.

ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿ, ಹಳೇ ವಾಷರ್ ಕೆಳಗೇ ಉಳಿದಿರಬಹುದು. ಅದರ ಮೇಲೆ ಹೊಸದು ಕೂರಿಸಿದರೆ ನಾಜಲ್ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಲ್ಲುತ್ತೆ, ಹೊಗೆ ಶುರು. ಕೆಳಗಿನ ಸಣ್ಣ ತೂತಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ ಗೋಡೆಯ ಮಸಿ ತೆಗೆಯಿರಿ, ವಾಷರ್ ಕೂರೋ ಸೀಟನ್ನ ಕಟರಿನಿಂದ ಕೈಯಲ್ಲೇ ಹಗುರಾಗಿ ಒರೆಯಿರಿ. ವಾಷರ್ ಹೊಸದು, ಅದೇ ದಪ್ಪದ್ದು. ಕ್ಲ್ಯಾಂಪ್ ಬೋಲ್ಟನ್ನೂ ಬದಲಿಸಿ. ಟಾರ್ಕ್ (ಬೋಲ್ಟ್ ಬಿಗಿಸೋ ಬಲ) ನಿಮ್ಮ ಎಂಜಿನ್ನಿನ ಮ್ಯಾನುಯಲಲ್ಲಿ ಇದ್ದಷ್ಟೇ. ಸೆರಾಮಿಕ್ ಗ್ರೀಸ್ ಬಾಡಿಗೆ ತೆಳ್ಳಗೆ, ತುದಿಗೂ ವಾಷರಿಗೂ ಬೇಡ. ಹೊಸ ಇಂಜೆಕ್ಟರ್ ಆದರೆ ಮೈಮೇಲಿನ ಕೋಡನ್ನ ಎಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ಸ್ಕ್ಯಾನರಿನಿಂದ ಹಾಕಿಸಿ.

ಸ್ಟಾರ್ಟ್ ಆದ ಮೇಲೆ ಪೈಪಿನ ಲೀಕ್ ಕೈಯಿಂದ ಮುಟ್ಟಿ ನೋಡಬೇಡಿ, ದೂರದಿಂದ ರಟ್ಟಿನ ತುಂಡು ಹಿಡಿಯಿರಿ. ಇಂಜೆಕ್ಟರ್ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಡಿ. ಗುಳ್ಳೆ ಬಂತೋ, ವಾಷರ್ ಸರಿಯಾಗಿ ಕೂತಿಲ್ಲ, ಇನ್ನೊಮ್ಮೆ ಬಿಚ್ಚಲೇಬೇಕು. ಇಂದು ಬಿಚ್ಚಿದರೆ ಸುಲಭವಾಗಿ ಬರುತ್ತೆ.