ಹೆಪ್ಪಿನ ಪಾತ್ರೆಯೂ ಹತ್ತು ಹಂತಗಳೂ

ಜೀವರಸಾಯನಶಾಸ್ತ್ರದ ಮೊದಲ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಮುಗಿಯುತ್ತಿದ್ದಂತೆ ಪ್ರತಿವರ್ಷವೂ ಕೆಲವು ವಿದ್ಯಾರ್ಥಿಗಳು ಒಂದೇ ಅಳಲಿನೊಂದಿಗೆ ಆಪ್ತಸಲಹೆಗಾಗಿ ನನ್ನ ಕೊಠಡಿಗೆ ಬರುತ್ತಾರೆ: "ಎಲ್ಲ ಬಾಯಿಪಾಠ ಆಗಿದೆ ಮೇಡಂ, ಆದರೂ ಬರೆಯೋಕೆ ಆಗ್ತಿಲ್ಲ." ಅವರಲ್ಲೊಬ್ಬಳ ಪ್ರಕರಣವನ್ನು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದ ಆಕೆ ಬೆಂಗಳೂರಿನ ಪಿಜಿಯೊಂದರಲ್ಲಿದ್ದಳು; ನಿದ್ದೆ ಕೆಟ್ಟಿತ್ತು, ಬಿ.ಕಾಂ.ಗೆ ಬದಲಾಗುವಂತೆ ಮನೆಯವರು ಒತ್ತಾಯಿಸುತ್ತಿದ್ದರು.

ಎರಡನೆಯ ಭೇಟಿಯಲ್ಲಿ ಆಕೆ, ಜೀವಕೋಶ ಗ್ಲೂಕೋಸನ್ನು ಒಡೆದು ಪೈರುವೇಟ್ ಮಾಡುವ ಕ್ರಿಯೆಯಾದ ಗ್ಲೈಕಾಲಿಸಿಸ್‌ನ 10 ಹಂತಗಳನ್ನೂ ಕಿಣ್ವಗಳ ಹೆಸರುಗಳ ಸಮೇತ ತಡವರಿಸದೆ ಒಪ್ಪಿಸಿದಳು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ 2 ಖರ್ಚಾಗಿ 4 ಹುಟ್ಟುತ್ತವೆ, ಉಳಿತಾಯ 2 ಎಂಬ ಲೆಕ್ಕವೂ ಗೊತ್ತಿತ್ತು. ಆದರೆ ಪೈರುವೇಟ್ ಲ್ಯಾಕ್ಟೇಟ್ ಆಗುವಾಗ ಎಟಿಪಿ ಏನೂ ಸಿಗದಿದ್ದರೂ ಜೀವಕೋಶ ಆ ಕೆಲಸ ಮಾಡುವುದೇಕೆ ಎಂದು ಕೇಳಿದಾಗ ಸುಮ್ಮನಾದಳು. (ಬಿ.ಎಸ್ಸಿ.ಯಲ್ಲಿ ನಾನೂ ಇದೇ ಪ್ರಶ್ನೆಗೆ ತಬ್ಬಿಬ್ಬಾದವಳು. ಇಲ್ಲದಿದ್ದರೆ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.) ಆಗ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಬಗೆಯನ್ನು ಹೇಳಲು ಕೇಳಿದೆ. ಚಳಿಗಾಲದಲ್ಲಿ ಅಮ್ಮ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಬದಿಯಲ್ಲಿಡುವುದನ್ನು ಆಕೆ ಸರಾಗವಾಗಿ ವಿವರಿಸಿದಳು. ಹಾಲಿನ ಸಕ್ಕರೆಯನ್ನು ಕೊನೆಗೆ ಲ್ಯಾಕ್ಟೇಟ್ ಆಗಿಸಿ ಹಾಲನ್ನು ಹುಳಿ ಮಾಡುವುದರಿಂದ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಕ್ಕೇನು ಲಾಭ ಎಂದೆ. ಬಹಳ ಹೊತ್ತು ಯೋಚಿಸಿ, "ಹುಳಿ ಅದಕ್ಕೆ ಬೇಕಾಗಿಲ್ಲ ಮೇಡಂ, ಎನ್‌ಎಡಿ ವಾಪಸ್ ಬೇಕು. ಅದು ಖಾಲಿಯಾದ್ರೆ ಆರನೇ ಹಂತದಲ್ಲೇ ಎಲ್ಲ ನಿಂತುಹೋಗುತ್ತೆ" ಎಂದಳು. (ಎನ್‌ಎಡಿ ಎಂದರೆ ಆರನೇ ಹಂತದಲ್ಲಿ ಎಲೆಕ್ಟ್ರಾನ್‌ಗಳನ್ನು ಹೊರುವ ಅಣು; ಪೈರುವೇಟ್ ಲ್ಯಾಕ್ಟೇಟ್ ಆಗುವಾಗ ಆ ಹೊರೆ ಇಳಿಸಿ ಮತ್ತೆ ಬಳಕೆಗೆ ಸಿಗುತ್ತದೆ.) ಅಷ್ಟು ದಿನಗಳಲ್ಲಿ ಆಕೆ ಸ್ವಂತವಾಗಿ ಕಟ್ಟಿದ ಮೊದಲ ವಾಕ್ಯ ಅದು.

ಪ್ರತಿ ಹಂತವನ್ನೂ ಮೊದಲು ಕನ್ನಡದಲ್ಲಿ, ಯಾರು ಕೊಟ್ಟರು, ಯಾರು ಪಡೆದರು, ಏನು ಖರ್ಚಾಯಿತು ಎಂದು ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತರುವಂತೆಯೂ, ರಾತ್ರಿ ಹನ್ನೊಂದರ ಬಳಿಕ ಪುಸ್ತಕ ಮುಚ್ಚುವಂತೆಯೂ, ಮುಂದಿನ ಇಂಟರ್ನಲ್ಸ್‌ವರೆಗೆ ಕೋರ್ಸ್ ಬಿಡುವ ನಿರ್ಧಾರ ಬೇಡವೆಂದೂ ಸಲಹೆ ನೀಡಿದೆ. ಇದು ಪಾಠ ಹೇಳುವುದಾಯಿತೇ ಹೊರತು ಆಪ್ತಸಲಹೆಯಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕೋರ್ಸ್ ಬಿಡುವುದೇ ಒಳಿತೆಂದು ಕೆಲವರಿಗೆ ನಾನೇ ಹೇಳಿದ್ದುಂಟು. ಆದರೆ ಭಾಷೆಯ ತೊಡಕನ್ನು ತನ್ನ ದಡ್ಡತನವೆಂದೇ ನಂಬಿ ನಿದ್ದೆಗೆಟ್ಟವಳಿಗೆ ಉಸಿರಾಟದ ವ್ಯಾಯಾಮವನ್ನಷ್ಟೇ ಹೇಳಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ.

ಎರಡನೆಯ ಇಂಟರ್ನಲ್ಸ್‌ನಲ್ಲಿ ಆಕೆ ಪಾಸಾದಳು, ಅದೂ ಅಂಚಿನಲ್ಲಿ. ನಿದ್ದೆ ಸುಧಾರಿಸಿದೆ. ಮನೆಯಲ್ಲಿ ಬಿ.ಕಾಂ. ಮಾತು ಇನ್ನೂ ನಿಂತಿಲ್ಲವಾದ್ದರಿಂದ ಮುಂದಿನ ಭೇಟಿಗೆ ತಂದೆಯವರನ್ನೂ ಕರೆತರಲು ಹೇಳಿದ್ದೇನೆ.